‘ನಾವು ಮೆಚ್ಚಿದ್ದು’ ಕಪಾಟಿನ ಜಗಳ

ಸಮುದ್ರದಂಚಿನ ನಮ್ಮ ಸಣ್ಣ ಊರು ಸ್ಕಾರ್ವಿಕ್‌ನ ಗ್ರಂಥಾಲಯಕ್ಕೆ ಬರುವವರು ಮೊದಲು ಒದ್ದೆ ಕೋಟನ್ನು ಗೂಟಕ್ಕೆ ತೂಗುಹಾಕುತ್ತಾರೆ, ಆಮೇಲೆ ಸೀದಾ ಕಿಟಕಿ ಪಕ್ಕದ ಕಪಾಟಿಗೆ ಹೋಗುತ್ತಾರೆ. ಅದರ ನೆತ್ತಿಯ ಮೇಲೆ ‘ನಾವು ಮೆಚ್ಚಿದ್ದು’ ಎಂದು ಬರೆದಿದೆ. ನಾವು ಎಂದರೆ ಇಲ್ಲಿ ಕೆಲಸ ಮಾಡುವ ನಾಲ್ಕು ಜನ. ಒಬ್ಬೊಬ್ಬರೂ ತಮಗೆ ಇಷ್ಟವಾದ ಪುಸ್ತಕ ಇಟ್ಟು, ಯಾಕೆ ಇಷ್ಟವಾಯಿತು ಅಂತ ಒಂದು ಚೀಟಿ ಬರೆದು ಸಿಕ್ಕಿಸುತ್ತೇವೆ. ಚೀಟಿಯ ಕೆಳಗೆ ಹೆಸರು ಹಾಕಲೇಬೇಕು. ಹೊಗಳಿಕೆಯ ಹೊಣೆ ಹೊಗಳಿದವರ ಮೇಲೇ ಇರಲಿ ಎಂಬುದು ಗುಡ್ನಿ ಅವರ ನಿಯಮ.

ಗುಡ್ನಿ ನಮ್ಮ ಮುಖ್ಯಸ್ಥೆ. ಅವರಿಗೆ ಜೀವನಚರಿತ್ರೆಗಳೆಂದರೆ ಪ್ರಾಣ. ಹೋವರ್ಡ್ ಓದುವುದು ಕೊಲೆಯ ಕತೆಗಳನ್ನು. ಹೆಣ ಬೀಳದ ಪುಸ್ತಕ ಅವನಿಗೆ ಉಪ್ಪಿಲ್ಲದ ಮೀನು. ಸಿನ್ನೋವ ಪ್ರೇಮಕತೆಗಳ ರಾಣಿ. ದೊಡ್ಡ ದನಿ, ದೊಡ್ಡ ಓಲೆ, ಅವಳ ಚೀಟಿಗಳಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರ. ನಾನು ಯೋರುನ್, ನನ್ನದು ಪದ್ಯ. ಊರಲ್ಲಿ ಹೋವರ್ಡ್ ಪಕ್ಷದವರಿದ್ದಾರೆ, ಸಿನ್ನೋವ ಪಕ್ಷದವರಿದ್ದಾರೆ. ನನ್ನ ಪಕ್ಷದವರು ಒಂದೇ ಬೆಂಚಿನಲ್ಲಿ ಕೂರುವಷ್ಟು ಜನ, ಆದರೆ ನಿಷ್ಠಾವಂತರು. ಒಮ್ಮೆ ದೊಡ್ಡ ಪಟ್ಟಣದ ಗ್ರಂಥಾಲಯದವರು ಬಂದು, ಇಷ್ಟು ಸಣ್ಣ ಊರಲ್ಲಿ ಇಷ್ಟೊಂದು ಪುಸ್ತಕ ಹೇಗೆ ಹೊರಗೆ ಹೋಗುತ್ತೆ ಎಂದು ಕೇಳಿದರು. ಗುಡ್ನಿ ಆ ಕಪಾಟಿನತ್ತ ಗಲ್ಲ ಎತ್ತಿ ತೋರಿಸಿ ಕಾಫಿ ಸುರಿಯಲು ಹೋದರು. ಅಷ್ಟೇ ಉತ್ತರ.

ಇಂಥ ನಮ್ಮ ಹೆಮ್ಮೆಗೆ ಬೋರ್ಹಿಲ್ಡ್ ಬಂದು ಸೂಜಿ ಚುಚ್ಚತೊಡಗಿದ್ದು ಹಿಂದಿನ ಶರತ್ಕಾಲದಲ್ಲಿ.

ಬೋರ್ಹಿಲ್ಡ್ ಎಪ್ಪತ್ತು ದಾಟಿದವರು. ದ್ವೀಪಗಳಿಗೆ ಹೋಗುವ ಹಡಗಿನಲ್ಲಿ ಅಡುಗೆಯವರಾಗಿ ಕೆಲಸ ಮಾಡಿ ನಿವೃತ್ತರಾದವರು. ವಾರಕ್ಕೊಮ್ಮೆ ಬಂದು ಕಪಾಟಿನಿಂದ ಒಂದು ಪುಸ್ತಕ ಒಯ್ಯುವರು. ಮುಂದಿನ ವಾರ ಅದನ್ನು ಮೇಜಿನ ಮೇಲಿಟ್ಟು, ಮುಖದಲ್ಲಿ ಏನೂ ತೋರಿಸದೆ ಒಂದು ಮಾತು ಹೇಳಿ ಹೋಗುವರು.

ಹೋವರ್ಡ್ ಬಹಳ ಮೆಚ್ಚಿ ಇಟ್ಟಿದ್ದ ಕಾದಂಬರಿಯಲ್ಲಿ ಮೀನುಗಾರಿಕೆ ಹಡಗಿನ ಐಸು ತುಂಬಿದ ಉಗ್ರಾಣದಲ್ಲಿ ಹೆಣ ಅಡಗಿಸಿಡುತ್ತಾರೆ, ಬಂದರಿಗೆ ಬರುವ ತನಕ ಯಾರಿಗೂ ತಿಳಿಯುವುದಿಲ್ಲ. ಬೋರ್ಹಿಲ್ಡ್ ಅದನ್ನು ವಾಪಸು ತಂದು, “ಮೊದಲ್ನೇ ದಿನ ಮೀನು ತುಂಬೋಕೆ ಇಳಿದೋನ ಕಾಲಿಗೇ ಹೆಣ ಸಿಗ್ಬೇಕಿತ್ತು. ಈ ಹಡಗಲ್ಲಿ ಯಾರೂ ಕೆಲಸಾನೇ ಮಾಡಲ್ವಾ? ಅರ್ಧಕ್ಕೇ ಬಿಟ್ಟಾಯ್ತು” ಎಂದರು.

ಹೋವರ್ಡ್‌ನ ಕಿವಿ ಕೆಂಪಾಯಿತು. ಗುಡ್ನಿ ನಕ್ಕರು. ಮರುವಾರ ನಗುವ ಸರದಿ ಹೋವರ್ಡ್‌ನದಾಯಿತು. ಗುಡ್ನಿ ಇಟ್ಟಿದ್ದ, ಹಿಮಸಾಗರ ದಾಟಿದ ಕಪ್ತಾನನ ದಪ್ಪ ಜೀವನಚರಿತ್ರೆ ಹಿಂತಿರುಗಿ ಬಂದಿತ್ತು. “ಈ ಮನುಷ್ಯ ಒಂದ್ಸಲಾನೂ ತಪ್ಪು ಮಾಡಲ್ಲ. ಇಂಥ ಕಪ್ತಾನನ ಜೊತೆ ಬಂದರಿನ ಬಾಯಿ ದಾಟೋಕೂ ಭಯ ಆಗುತ್ತೆ.”

ನನ್ನ ಪದ್ಯಪುಸ್ತಕಕ್ಕೆ ಸಿಕ್ಕಿದ್ದು ಇನ್ನೂ ಚಿಕ್ಕ ಮಾತು. “ಇಷ್ಟೊಂದು ಸಮುದ್ರ, ಒಂದು ಮೀನೂ ಇಲ್ಲ.”

ಚಳಿಗಾಲ ಪೂರ್ತಿ ಹೀಗೇ ನಡೆಯಿತು. ನಾವು ಒಳ್ಳೊಳ್ಳೆಯ ಸಮುದ್ರದ ಪುಸ್ತಕಗಳನ್ನು ಹುಡುಕಿ ಹುಡುಕಿ ಇಟ್ಟೆವು. ನಮ್ಮ ಚೀಟಿಗಳು ಬೋರ್ಹಿಲ್ಡ್ ಒಬ್ಬರಿಗಾಗಿಯೇ ಬರೆದಂತಿದ್ದವು. ಹೋವರ್ಡ್ ಮನೆಗೆ ಹೋಗಿ ಹೆಂಡತಿಯ ಹತ್ತಿರ ದೂರು ಹೇಳುತ್ತಿದ್ದನಂತೆ. ಸಿನ್ನೋವಳ ಪುಸ್ತಕಗಳನ್ನು ಮಾತ್ರ ಬೋರ್ಹಿಲ್ಡ್ ಮುಟ್ಟುತ್ತಿರಲಿಲ್ಲ.

“ನನ್ನ ಪುಸ್ತಕ ಬೈಸಿಕೊಳ್ಳೋಕೂ ಲಾಯಕ್ಕಿಲ್ವಾ?” ಎಂದು ಸಿನ್ನೋವ ಒಂದು ದಿನ ಅವರನ್ನೇ ಕೇಳಿದಳು.

“ಅದನ್ನ ಮನೆಗೆ ತಗೊಂಡು ಹೋದ್ರೆ ಕಿಟಕಿಯಿಂದ ಆಚೆ ಬೀಳುತ್ತೆ” ಎಂದು ಬೋರ್ಹಿಲ್ಡ್ ಶಾಲು ಸರಿಮಾಡಿಕೊಂಡು ಹೊರಟರು.

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವರು ಕುತ್ತಿಗೆಗೆ ಉಣ್ಣೆ ಬಟ್ಟೆ ಸುತ್ತಿಕೊಂಡು ಬಂದರು. ಪುಸ್ತಕ ಇಟ್ಟರು, ಬೈಗುಳ ಬರಲಿಲ್ಲ. ಮೇಜಿನ ಮೇಲೆ ಬಗ್ಗಿ ನನ್ನ ಕಿವಿಯ ಹತ್ತಿರ ಬಂದರು. ದನಿ ಮರಳು ಉಜ್ಜಿದ ಹಾಗಿತ್ತು.

“ಡಾಕ್ಟ್ರು ಮಾತಾಡ್ಬೇಡ ಅಂದಿದ್ದಾರೆ. ಗಂಟಲಲ್ಲಿ ಗಂಟು ಆಗಿದೆಯಂತೆ. ಈಸ್ಟರ್ ತನಕ ಜೋರಾಗಿ ಓದಬಾರ್ದಂತೆ.”

“ಜೋರಾಗಿ ಯಾಕೆ ಓದ್ತೀರಾ ನೀವು?” ಎಂದೆ.

“ನನ್ನ ಅಣ್ಣನಿಗೆ. ಎಯ್ಲರ್ಟ್‌ಗೆ. ನಾನು ನಿಮ್ಮ ಪುಸ್ತಕ ಯಾವತ್ತೂ ಬೈದಿಲ್ಲ ಯೋರುನ್. ಅವನು ಹೇಳಿ ಕಳಿಸಿದ್ದನ್ನ ತಂದು ಒಪ್ಪಿಸ್ತಾ ಇದ್ದೆ, ಅಷ್ಟೇ. ನಿಮ್ಮಲ್ಲಿ ಯಾರಾದ್ರೂ ಬಂದು ಸ್ವಲ್ಪ ದಿನ ಓದ್ತೀರಾ ಅವನಿಗೆ?”

ಬೋರ್ಹಿಲ್ಡ್ ಯಾರ ಹತ್ತಿರವೂ ಏನನ್ನೂ ಕೇಳಿದವರಲ್ಲ. ಅವರ ಮನೆಯ ಮುಂದಿನ ಹಿಮವನ್ನು ಪಕ್ಕದವರು ಎತ್ತಿ ಹಾಕಿದರೆ, ಇವರು ಹೋಗಿ ಪಕ್ಕದವರದ್ದನ್ನು ಎತ್ತಿ ಹಾಕಿ ಬರುವ ಜಾತಿ. ನಾನು ಹೂಂ ಎಂದೆ. ಹಿಂದೆ ನಿಂತು ಕೇಳಿಸಿಕೊಂಡಿದ್ದ ಮೂವರೂ ಹೂಂ ಎಂದರು.

ಎಯ್ಲರ್ಟ್ ಯಾರೆಂದು ನಮಗೆ ಹೇಳಬೇಕಾಗಿರಲಿಲ್ಲ. ನಮ್ಮ ಬಂದರಿನ ಅತ್ಯಂತ ಗಟ್ಟಿ ದೋಣಿಯ ಯಜಮಾನರಾಗಿದ್ದವರು. ಕಣ್ಣಿನ ನರ ಒಣಗಿ ದೃಷ್ಟಿ ಹೋದ ಮೇಲೆ ದೋಣಿ ಮಾರಿ ಮನೆಯೊಳಗೆ ಹೋದವರು ಹೊರಗೆ ಬಂದಿರಲಿಲ್ಲ. ಹಳೇ ಜೊತೆಗಾರರು ಬಾಗಿಲು ತಟ್ಟಿದರೆ ಬೋರ್ಹಿಲ್ಡ್ ಬಂದು, ಮಲಗಿದ್ದಾನೆ ಎನ್ನುತ್ತಿದ್ದರು. ಮುದುಕ ಮಂಕಾಗಿ ಹೋದ ಎಂದು ಊರು ಅಂದುಕೊಂಡು ಸುಮ್ಮನಾಗಿತ್ತು.

“ಮಂಕಂತೆ ಮಂಕು. ಆ ಐಸಿನ ಉಗ್ರಾಣದ ವಿಷಯ ನನಗೆ ಇನ್ನೂ ಉರೀತಾ ಇದೆ” ಎಂದ ಹೋವರ್ಡ್.

ಮೊದಲ ಸರದಿ ನನ್ನದು. ಬಂದರಿನ ಮೇಲ್ಗಡೆ ಹಳದಿ ಮನೆ. ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು ಬಾಗಿಲು ತಟ್ಟಿದೆ.

“ಪದ್ಯದವಳು ಬಂದಿದ್ದಾಳೆ, ಬಾಗಿಲು ತೆಗಿ” ಎಂದು ಒಳಗಿಂದ ದನಿ ಬಂತು.

ಎಯ್ಲರ್ಟ್ ಅಡುಗೆಮನೆಯ ಮೇಜಿನ ಹತ್ತಿರ ಕೂತು ಬೆರಳಿನಿಂದಲೇ ನೋಡಿಕೊಂಡು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಭುಜ ಇನ್ನೂ ಅಗಲವಾಗಿತ್ತು.

“ನಾನೇ ಅಂತ ಹೇಗೆ ಗೊತ್ತಾಯ್ತು?”

“ಹೊರಗೆ ನಿಂತು ಉಸಿರು ಬಿಟ್ಟೆಯಲ್ಲ. ಹೋವರ್ಡ್ ಆಗಿದ್ರೆ ಬಾಗಿಲು ಗುದ್ದುತಿದ್ದ. ನಿಮ್ಮ ಚೀಟಿ ಎಲ್ಲಾ ನನಗೆ ಬಾಯಿಪಾಠ. ಬೋರ್ಹಿಲ್ಡ್ ಮೊದ್ಲು ಅದನ್ನೇ ಓದೋದು. ನಿಮ್ಮ ಚೀಟಿ ಚೆನ್ನಾಗಿರುತ್ತೆ ಮಾರಾಯ್ತಿ, ಪುಸ್ತಕಗಳೇ ಕೈ ಕೊಡೋದು.”

ಪುಸ್ತಕಗಳನ್ನು ಓದಿದ ಧ್ವನಿಮುದ್ರಣ ಪುಕ್ಕಟೆ ಸಿಗುತ್ತದಲ್ಲ, ತರಿಸಿಕೊಡಲೇ ಎಂದು ಕೇಳಿದೆ.

“ಒಂದ್ಸಲ ತಂದಿಟ್ಟಿದ್ರು. ಅದು ಹೇಳ್ತಾ ಹೋಗುತ್ತೆ, ನಾನು ತಪ್ಪು ಅಂದ್ರೂ ನಿಲ್ಲಲ್ಲ. ಜಗಳ ಆಡೋಕೆ ಆಗದೇ ಇದ್ರೆ ಅದೆಂಥ ಓದು? ಬೋರ್ಹಿಲ್ಡ್ ಆದ್ರೆ ನಿಲ್ಲಿಸ್ತಾಳೆ. ಆದ್ರೆ ಅವಳು ಎದುರು ಮಾತಾಡಲ್ಲ.”

ನಾನು ಓದಲು ಶುರು ಮಾಡಿದೆ. ಅವರು ಪ್ರತಿ ನಾಲ್ಕು ಸಾಲಿಗೊಮ್ಮೆ ತಡೆದರು. ಅಲೆ ಯಾಕೆ ಅಳುತ್ತೆ? ಗಾಳಿ ಯಾವ ದಿಕ್ಕಿಂದ, ಯಾಕೆ ಹೇಳಿಲ್ಲ? ಕೊನೆಗೆ ನನಗೆ ರೇಗಿತು.

“ಪದ್ಯ ಬಲೆ ಅಲ್ಲ ಎಯ್ಲರ್ಟ್. ಎತ್ತಿದಾಗೆಲ್ಲ ಮೀನು ಬರಲೇಬೇಕು ಅಂತಿಲ್ಲ.”

ಚಾಕು ನಿಂತಿತು. ಒಲೆಯ ಹತ್ತಿರ ನಿಂತಿದ್ದ ಬೋರ್ಹಿಲ್ಡ್ ನನ್ನತ್ತ ತಿರುಗಿದರು. ಎಯ್ಲರ್ಟ್ ಮುಖ ನಿಧಾನವಾಗಿ ಅರಳಿತು.

“ಬೋರ್ಹಿಲ್ಡ್, ಇವಳಿಗೆ ಕಾಫಿ ಕೊಡು. ಇವಳು ಮಾತಾಡ್ತಾಳೆ.”

ಮರುದಿನ ಹೋವರ್ಡ್ ಹೋದ. ಸಿನ್ನೋವಳ ನಾದಿನಿಯ ಮನೆ ಅದೇ ಬೀದಿಯಲ್ಲಿದೆ. ಗಂಡಸರಿಬ್ಬರ ಕೂಗಾಟ ಕೇಳಿ ಅವಳು ಪೊಲೀಸರಿಗೆ ಫೋನು ಮಾಡಬೇಕೇನೋ ಎಂದು ಯೋಚಿಸಿದಳಂತೆ. ಹೋವರ್ಡ್ ಬೆಳಿಗ್ಗೆ ಬಂದು ಕೋಟೂ ತೆಗೆಯದೆ ಹೇಳಿದ: “ಹೆಣ ಐಸಿನಲ್ಲಿ ಅಲ್ಲ, ಲಂಗರಿನ ಸರಪಳಿ ಸುತ್ತಿಡೋ ಗೂಡಲ್ಲಿ ಇರ್ಬೇಕಿತ್ತಂತೆ. ಹಾಗಿದ್ರೆ ಕತೆ ನಿಲ್ತಿತ್ತಂತೆ. ನಿಜ ಹೇಳ್ತೀನಿ, ಸರಿಯಾಗೇ ಹೇಳಿದ್ರು. ಇಷ್ಟು ವರ್ಷದಲ್ಲಿ ಇಂಥ ಓದುಗ ನನಗೆ ಸಿಕ್ಕಿಲ್ಲ.” ಆಮೇಲೆ ಸ್ವಲ್ಪ ಯೋಚಿಸಿ, “ಆದ್ರೂ ಪುಸ್ತಕ ಚೆನ್ನಾಗಿದೆ” ಎಂದ.

ಗುಡ್ನಿ ಹೋಗಿ ಬಂದರು. ಹಿಮದ ಕಪ್ತಾನನ ಬಗ್ಗೆ ತಮಗೂ ಈಗ ಅನುಮಾನ ಬಂದಿದೆ ಎಂದು ಒಪ್ಪಿಕೊಂಡರು. ಆದರೆ ಯಾರ ಪುಸ್ತಕವೂ ಕೊನೆ ಮುಟ್ಟಲಿಲ್ಲ.

ನಾಲ್ಕನೆಯವಳು ಸಿನ್ನೋವ. ತನ್ನ ಪ್ರೇಮಕತೆಯನ್ನೇ ಚೀಲಕ್ಕೆ ಹಾಕಿಕೊಂಡಳು.

“ಕಿಟಕಿ ಮುಚ್ಚಿದೆಯಾ ನೋಡ್ಕೊಂಡು ಓದು” ಎಂದ ಹೋವರ್ಡ್.

“ನಿನ್ನ ಹೆಣಕ್ಕಿಂತ ನನ್ನ ಮುತ್ತು ಮೇಲು, ಸುಮ್ನಿರು” ಎಂದು ಅವಳು ಹೋದಳು.

ಮರುದಿನ ಏನಾಯಿತು ಎಂದು ನಾವು ಮೂವರೂ ಅವಳನ್ನು ಸುತ್ತುಗಟ್ಟಿದೆವು. ಊರಿಗೆಲ್ಲ ಕೇಳುವ ಹಾಗೆ ಮಾತಾಡುವವಳು, “ನಡೀತು” ಎಂದಷ್ಟೇ ಹೇಳಿ ಪುಸ್ತಕ ಜೋಡಿಸಲು ಹೋದಳು. ಎರಡು ದಿನದ ಮೇಲೆ ನನ್ನ ಹತ್ತಿರ ಬಂದು, “ಇವತ್ತಿನ ನಿನ್ನ ಸರದಿ ನನಗೆ ಕೊಡ್ತೀಯಾ?” ಎಂದಳು. ಆಮೇಲೆ ಗುಡ್ನಿಯ ಸರದಿಯನ್ನೂ ಕೇಳಿ ಪಡೆದಳು. ಯಾಕೆಂದು ಕೇಳಿದರೆ ತುಟಿ ಬಿಚ್ಚಲಿಲ್ಲ. ಮಾತು ಕೊಟ್ಟಿದ್ದೀನಿ ಎಂದಳು.

ಮಾರ್ಚ್ ಕೊನೆಗೆ ನಮ್ಮ ಪುಸ್ತಕ ಸಂಜೆ. ಪ್ರತಿ ವರ್ಷ ಮೇಜುಗಳನ್ನು ಸರಿಸಿ ಕುರ್ಚಿ ಹಾಕಿ, ಸಿಹಿ ವಾಫಲ್ ರೊಟ್ಟಿ ಸುಟ್ಟು, ನಾಲ್ವರೂ ಒಬ್ಬೊಬ್ಬರಾಗಿ ನಿಂತು ನಮ್ಮ ಮೆಚ್ಚಿನ ಪುಸ್ತಕದ ಬಗ್ಗೆ ಊರಿಗೆ ಹೇಳುತ್ತೇವೆ. ಈ ಸಲ ಐದನೆಯವರಾಗಿ ಎಯ್ಲರ್ಟ್ ಬರಲಿ, ಅವರೂ ಒಂದು ಪುಸ್ತಕ ಇಡಲಿ ಎಂಬುದು ಗುಡ್ನಿಯ ಆಸೆ. ತಾವೇ ಹೋಗಿ ಕರೆದರು.

“ಬರಲ್ಲ ಅಂದ್ರು” ಎಂದು ವಾಪಸು ಬಂದು ಹೇಳಿದರು. “ಊರು ತಮ್ಮನ್ನ ಕೊನೇ ಸಲ ನೋಡಿದ್ದು ದೋಣಿಯ ಚುಕ್ಕಾಣಿ ಹಿಡಿದಾಗ. ಯಾರದೋ ಕೈ ಹಿಡ್ಕೊಂಡು ತಡವರಿಸೋದನ್ನ ನೋಡೋದು ಬೇಡ ಅಂದ್ರು. ನನಗೆ ಏನು ಹೇಳೋಕೂ ತೋಚಲಿಲ್ಲ.”

ಹೋವರ್ಡ್‌ಗೆ ತೋಚಿತು. ಅವನು ಆ ಸಂಜೆಯೇ ಹಳದಿ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದನಂತೆ: “ಎಯ್ಲರ್ಟ್, ಗುರುವಾರ ನಾನು ಆ ಐಸಿನ ಉಗ್ರಾಣದ ಪುಸ್ತಕಾನೇ ಇಡೀ ಊರಿನ ಮುಂದೆ ಹೊಗಳ್ತೀನಿ. ಒಬ್ಬ ಮಹಾಶಯರು ಇದನ್ನ ಬೈದ್ರು, ಆದ್ರೆ ನನ್ನೆದುರು ಬಂದು ಬೈಯೋ ಧೈರ್ಯ ಅವರಿಗಿಲ್ಲ ಅಂತಾನೂ ಹೇಳ್ತೀನಿ.” ಒಳಗಿಂದ ಆಲೂಗಡ್ಡೆಯೊಂದು ಬಂದು ಬಾಗಿಲಿಗೆ ಬಡಿಯಿತು.

“ಸ್ವಲ್ಪ ಅತಿ ಆಯ್ತೇನೋ” ಎಂದು ಹೋವರ್ಡ್ ಎರಡು ದಿನ ಒದ್ದಾಡಿದ.

ಗುರುವಾರ ಕುರ್ಚಿಗಳು ಸಾಲದೆ ಜನ ಕಿಟಕಿಕಟ್ಟೆಯ ಮೇಲೆ ಕೂತರು. ಹೊರಗೆ ಇನ್ನೂ ಬೆಳಕಿತ್ತು. ಗುಡ್ನಿ ಮಾತಾಡಿದರು, ನಾನು ನನ್ನ ಪದ್ಯ ಓದಿದೆ, ನನ್ನ ಬೆಂಚು ಚಪ್ಪಾಳೆ ತಟ್ಟಿತು. ಹೋವರ್ಡ್ ಎದ್ದು ಹಡಗು, ಐಸು, ಹೆಣ ಎಲ್ಲ ವರ್ಣಿಸಿದ. ಅವನ ಕಣ್ಣು ಆಗಾಗ ಬಾಗಿಲ ಕಡೆ ಹೋಗುತ್ತಿತ್ತು. ಹೇಳುತ್ತೇನೆ ಎಂದಿದ್ದ ಆ ಕೊನೆಯ ಮಾತು ಅವನ ಬಾಯಿಂದ ಹೊರಡಲಿಲ್ಲ. ಅಷ್ಟರಲ್ಲಿ ಕೆಳಗಿನ ಮರದ ಮೆಟ್ಟಿಲಲ್ಲಿ ಭಾರವಾದ ಹೆಜ್ಜೆಯ ಸದ್ದಾಯಿತು.

ಎಯ್ಲರ್ಟ್ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಕಪ್ಪು ಕೋಟು, ಬಾಚಿದ ಬಿಳಿ ಕೂದಲು. ಒಂದು ಕೈಯಲ್ಲಿ ಕೋಲು. ಬೋರ್ಹಿಲ್ಡ್ ಹಿಂದೆ ದೂರ ಬಿಟ್ಟು ನಿಂತಿದ್ದರು. ಯಾರೋ ಕೈ ಹಿಡಿಯಲು ಎದ್ದರು. ಬೋರ್ಹಿಲ್ಡ್ ಬೆರಳು ಎತ್ತಿ ಕೂರಿಸಿದರು.

“ಹೋವರ್ಡ್, ಕುರ್ಚಿ ಎಲ್ಲಿದೆ ಹೇಳು. ಮುಟ್ಬೇಡ. ಬರೀ ಹೇಳು” ಎಂದರು ಎಯ್ಲರ್ಟ್.

ಹೋವರ್ಡ್ ಪುಸ್ತಕ ಕೆಳಗಿಟ್ಟ. “ನೇರ ಬನ್ನಿ. ಇನ್ನೂ ಬನ್ನಿ. ಈಗ ಸ್ವಲ್ಪ ಬಲಕ್ಕೆ. ಎಡಗಡೆ ಕಾಫಿ ಮೇಜಿದೆ, ಜೋಕೆ. ಒಂದು ಹೆಜ್ಜೆ. ಹ್ಞಾಂ, ಅಲ್ಲೇ.”

ಎಯ್ಲರ್ಟ್ ಕುರ್ಚಿಯ ಬೆನ್ನು ಮುಟ್ಟಿ ನೋಡಿ ಕೂತರು. ಅವರ ದೋಣಿಯಲ್ಲಿ ದುಡಿದಿದ್ದ ಮುದುಕನೊಬ್ಬ ಹಿಂದಿನ ಸಾಲಿನಲ್ಲಿ ಮೂಗು ಒರೆಸಿಕೊಂಡ.

“ಈಗ ಹೇಳು. ಐಸಿನಲ್ಲಿ ಹೆಣ ಇತ್ತು ಅಂತೀಯ. ಆ ಹಡಗಲ್ಲಿ ಮೀನು ಎಲ್ಲಿ ಹಾಕ್ತಿದ್ರು, ಕಪ್ತಾನನ ಹಾಸಿಗೆ ಮೇಲಾ?”

ಆಮೇಲೆ ನಡೆದದ್ದು ಇಡೀ ಊರು ಕೂಡಿ ಆಡಿದ ಜಗಳ. ಮೀನು ಕಾರ್ಖಾನೆಯವರು ಎಯ್ಲರ್ಟ್ ಕಡೆ, ಶಾಲೆಯ ಮೇಷ್ಟ್ರು ಹೋವರ್ಡ್ ಕಡೆ. ಲಂಗರಿನ ಗೂಡಲ್ಲಿ ಮನುಷ್ಯ ಹಿಡಿಯುತ್ತಾನೋ ಇಲ್ಲವೋ ಎಂದು ಇಬ್ಬರು ಎದ್ದು ನಿಂತು ಕೈ ಅಗಲಿಸಿ ಅಳತೆ ತೋರಿಸಿದರು. ವಾಫಲ್ ತಟ್ಟೆಗಳು ತಣ್ಣಗಾದವು. ನಮ್ಮ ಕಪಾಟಿನ ಒಂದು ಪುಸ್ತಕಕ್ಕಾಗಿ ಊರು ಹೀಗೆ ಕೂಗಾಡುವುದನ್ನು ನೋಡುತ್ತಾ ಗುಡ್ನಿ ಗೋಡೆಗೆ ಒರಗಿ ನಿಂತಿದ್ದರು. ಇಪ್ಪತ್ತು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಕಂಡಿರಲಿಲ್ಲ.

ಗದ್ದಲ ಇಳಿದ ಮೇಲೆ ಗುಡ್ನಿ ಕೇಳಿದರು: “ಎಯ್ಲರ್ಟ್, ನೀವು ಪೂರ್ತಿ ಮುಗಿಸಿದ ಪುಸ್ತಕ ಒಂದಾದ್ರೂ ಇದೆಯಾ?”

ಎಯ್ಲರ್ಟ್ ಕೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡರು. “ಇದೆ. ಸಿನ್ನೋವ ಓದಿದ್ದು. ಗಂಡನ್ನ ಬಿಟ್ಟ ಹೆಂಗಸು, ವಯಸ್ಸಾದವಳು. ಬೆಟ್ಟದ ಮೇಲಿನ ಊರಿನ ಬಸ್ ಡ್ರೈವರ್ ಒಬ್ಬ. ದಿನಾ ಅವನ ಬಸ್ಸಲ್ಲಿ ಹೋಗ್ತಾಳೆ. ಕೊನೆಗೆ ಇಬ್ಬರೂ ಒಟ್ಟಿಗೆ ಇರ್ತಾರೆ. ಎರಡು ಸಲ ಓದಿಸ್ಕೊಂಡೆ.”

ಹಿಂದಿನ ಸಾಲಿನ ಮುದುಕ ಫಕ್ಕನೆ ನಕ್ಕ. “ಎಯ್ಲರ್ಟ್, ನೀನು? ಪ್ರೇಮಕತೆ?”

“ಹೌದು ಕಣೋ, ನಾನೇ. ನಗು. ಇವರೆಲ್ಲ ನನಗೆ ಚಳಿಗಾಲ ಪೂರ್ತಿ ಸಮುದ್ರ ಕಳಿಸಿದ್ರು. ಸಮುದ್ರ ನಾನು ಇವರೆಲ್ಲರಿಗಿಂತ ಚೆನ್ನಾಗಿ ಬಲ್ಲೆ. ಅದ್ರಲ್ಲಿ ನನಗೆ ಕಾಣೋದು ಬರೀ ತಪ್ಪು. ಒಬ್ಬ ಹೆಂಗಸು ದಿನಾ ಅದೇ ಬಸ್ಸು ಯಾಕೆ ಹತ್ತುತಾಳೆ ಅಂತ ನನಗೆ ಗೊತ್ತೇ ಇರ್ಲಿಲ್ಲ. ನನ್ನ ಜೀವಮಾನದಲ್ಲಿ ಅಂಥ ಬಸ್ಸು ನಾನು ಹತ್ತಲೇ ಇಲ್ಲ. ಮುಂದೇನಾಗುತ್ತೆ ಅಂತ ಕೇಳ್ತಾ ಕೂತಾಗ, ನನಗೆ ಕಣ್ಣಿಲ್ಲ ಅನ್ನೋದೇ ಮರೆತುಹೋಗ್ತಿತ್ತು. ಅದನ್ನೇ ಇಡ್ತೀನಿ ನಿಮ್ಮ ಕಪಾಟಿನಲ್ಲಿ.”

ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದ ಮುದುಕ ಎದ್ದು ಬಂದು ಎಯ್ಲರ್ಟ್ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಮಾತಾಡಬೇಕಿದ್ದ ಸಿನ್ನೋವ ಎದ್ದು ನಿಂತಳು, ಕನ್ನಡಕ ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡಳು. “ನಾನು ಹೇಳ್ಬೇಕಾಗಿದ್ದನ್ನ ಅವರೇ ಹೇಳಿಬಿಟ್ರು” ಎಂದು ಕೂತುಬಿಟ್ಟಳು. ಅವಳು ಊರಿನ ಮುಂದೆ ಮಾತಿಲ್ಲದೆ ನಿಂತದ್ದು ಅದೊಂದೇ ಸಲ. ತಲೆ ಮಾತ್ರ ಎತ್ತಿಯೇ ಇತ್ತು.

ಆ ಪುಸ್ತಕಕ್ಕೆ ಮರುದಿನದಿಂದ ನೂಕುನುಗ್ಗಲು. ಮೀನುಗಾರರು ಬಂದು, ಹೆಂಡತಿಗೆ ಬೇಕಂತೆ ಎಂದು ಹೇಳಿ ಹೆಸರು ಬರೆಸಿ ಹೋದರು. ನಾವು ಇನ್ನೂ ಕೆಲವು ಪ್ರತಿ ತರಿಸಿದೆವು. ಎಯ್ಲರ್ಟ್ ಹೇಳಿ ಬರೆಸಿದ ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಇದರಲ್ಲಿ ತಪ್ಪು ಸಿಗಲಿಲ್ಲ. ಹುಡುಕಿ ನೋಡಿ.’ ಅದಾದ ಮೇಲೆ ಅವರು ಗುರುವಾರ ತಪ್ಪದೆ ಬರತೊಡಗಿದರು. ದಡದ ಕಂಬಿ ಹಿಡಿದು ಬಂದರಿನ ಉದ್ದಕ್ಕೂ ಒಬ್ಬರೇ ನಡೆದು ಬರುತ್ತಾರೆ. ಅವರ ಸುತ್ತ ಹಳೇ ಜೊತೆಗಾರರು ಕೂರುತ್ತಾರೆ. ನಮ್ಮಲ್ಲಿ ಒಬ್ಬರು ಓದುತ್ತೇವೆ, ಉಳಿದವರು ಜಗಳ ಆಡುತ್ತಾರೆ. ದೊಡ್ಡ ಪಟ್ಟಣದ ಗ್ರಂಥಾಲಯದವರು ಇದನ್ನೂ ನೋಡಲು ಬಂದಿದ್ದರು. ಬಂದವರನ್ನು ಎಯ್ಲರ್ಟ್, ಗಲಾಟೆ ಮಾಡಬೇಡಿ ಎಂದು ಗದರಿಸಿ ಕೂರಿಸಿದರು.

ಈಸ್ಟರ್ ಆದ ಮೇಲೆ ಒಂದು ಬೆಳಿಗ್ಗೆ, ಬಾಗಿಲು ತೆಗೆದ ಕೂಡಲೇ ಬೋರ್ಹಿಲ್ಡ್ ಒಬ್ಬರೇ ಬಂದರು. ಕುತ್ತಿಗೆಯ ಬಟ್ಟೆ ಇರಲಿಲ್ಲ, ದನಿ ಮರಳಿತ್ತು.

“ಎಯ್ಲರ್ಟ್‌ಗೆ ಯಾವುದು ಕೊಡ್ಲಿ ಇವತ್ತು?” ಎಂದೆ.

“ಅವನದ್ದನ್ನ ನೀವು ನೋಡ್ಕೊಳ್ತೀರಲ್ಲ. ಇದು ನನಗೆ” ಎಂದರು. ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. “ಬರೀ ನನಗೆ. ಬಾಯಿ ಮುಚ್ಕೊಂಡು ಓದೋಕೆ. ಕಣ್ಣು ಹೋದಾಗಿಂದ ಅವನಿಗೆ ಓದ್ತಾ ಓದ್ತಾ, ನನಗೆ ಏನು ಇಷ್ಟ ಅನ್ನೋದೇ ಮರೆತುಹೋಗಿದೆ. ನೀವು ಹೇಳಿ.”

ಹೋವರ್ಡ್ ಒಳಕೋಣೆಯಿಂದ ಕಾಫಿ ಲೋಟ ಹಿಡಿದೇ ಓಡಿ ಬಂದ. ಗುಡ್ನಿ ಫೋನು ಇಟ್ಟರು. ಸಿನ್ನೋವ ಆಗಲೇ ಒಂದು ಪುಸ್ತಕವನ್ನು ಎದೆಗೆ ಒತ್ತಿಕೊಂಡಿದ್ದಳು. ನಾನು ಪದ್ಯದ ಸಾಲಿನತ್ತ ಹೊರಟಿದ್ದೆ.

“ಒಬ್ಬೊಬ್ಬರಾಗಿ” ಎಂದರು ಬೋರ್ಹಿಲ್ಡ್. ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಕಿಟಕಿ ಪಕ್ಕದ ಕುರ್ಚಿ ಎಳೆದುಕೊಂಡು, ಸಮಯವಿದೆ ಎನ್ನುವವರ ಹಾಗೆ ಕೂತರು.